ಬಸ್ಸಿನಲ್ಲಿ ಸೆರಗು, ಟವೆಲ್ ಮುಚ್ಚಿಕೊಂಡರೆ ಸಾಲದೇ?

ಪ್ರಶ್ನೆ: ಮತ್ತೆ ಕೊರೊನಾದಂಥ ಕಾಯಿಲೆ ಬಂದು ಪ್ರಯಾಣಕ್ಕೆ ಮಾಸ್ಕ್ ಕಡ್ಡಾಯವಾದರೆ, ಸೆರಗನ್ನೋ ಟವೆಲನ್ನೋ ಮೂಗಿಗೆ ಸುತ್ತಿಕೊಂಡರೆ ನಡೆಯುವುದಿಲ್ಲವೇ?

ದಂಡ ತಪ್ಪಿಸಿಕೊಳ್ಳುವುದಷ್ಟೇ ಉದ್ದೇಶವಾದರೆ, ಕಳೆದ ಬಾರಿ ನಡೆಯುತ್ತಿತ್ತು. 2020ರಲ್ಲಿ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿ ಪ್ರಯಾಣದಲ್ಲಿ ಮುಖ ಮುಚ್ಚಿಕೊಳ್ಳಬೇಕು ಎಂದಿತ್ತೇ ಹೊರತು ಇಂಥದೇ ಮಾಸ್ಕ್ ಎಂದು ಹೇಳಿರಲಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ದಂಡವನ್ನು ನಗರದಲ್ಲಿ 1,000, ಉಳಿದೆಡೆ 500 ರೂಪಾಯಿಗೆ ಏರಿಸಿ, ಕೆಲವೇ ದಿನಗಳಲ್ಲಿ 250 ಮತ್ತು 100ಕ್ಕೆ ಇಳಿಸಿತು. ಜನ ಮಾತಾಡಿದ್ದೆಲ್ಲ ಈ ಹಣದ ಬಗ್ಗೆಯೇ. ಉಸಿರಿನ ಬಗ್ಗೆ ಮಾತಾಡಿದವರು ಕಡಿಮೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಕೋಲಾರದಿಂದ ಬಂಗಾರಪೇಟೆಗೆ ಹೋಗುವ ಬಸ್ಸಿನಲ್ಲಿ ನನ್ನ ಅಮ್ಮ ಸೆರಗನ್ನೇ ನಂಬಿದ್ದರು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸೆರಗು. ಟಿಕೆಟ್‌ಗೆ ಚಿಲ್ಲರೆ ತೆಗೆಯಲು ಕೈ ಬಿಟ್ಟೊಡನೆ ಸೆರಗು ಜಾರಿತು. ಕಂಡಕ್ಟರ್ ಮುಖ ಗೇಣು ದೂರದಲ್ಲಿದ್ದದ್ದೂ ಆ ಗಳಿಗೆಯಲ್ಲೇ. ಕಿವಿಗೆ ಸಿಕ್ಕಿಸುವ ದಾರದ ಬೆಲೆ ನನಗೆ ಅರ್ಥವಾದದ್ದು ಅಂದು.

ಇನ್ನು ಬಟ್ಟೆಯ ವಿಷಯ. ಒಂದೇ ಪದರದ ಬಟ್ಟೆ ದೊಡ್ಡ ಹನಿಗಳನ್ನು ಒಂದಿಷ್ಟು ತಡೆದೀತು, ಗಾಳಿಯಲ್ಲಿ ತೇಲುವ ಸಣ್ಣ ಕಣಗಳನ್ನು ತಡೆಯುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಬಟ್ಟೆಯ ಮಾಸ್ಕ್‌ಗೆ ಮೂರು ಪದರ ಇರಲಿ ಎಂದು ಸೂಚಿಸಿತು. ಎನ್‌95 ಮಾಸ್ಕ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ಸೋಸುತ್ತದೆ. ಆದರೆ ಅದು ಕೆನ್ನೆಗೆ ಅಂಟಿ ಕೂರಬೇಕು. ಮೂಗಿನ ಮೇಲಿನ ತಂತಿಯನ್ನು ಒತ್ತದಿದ್ದರೆ ಗಾಳಿ ಸಂದಿಯಿಂದಲೇ ನುಗ್ಗುತ್ತದೆ. ಕವಾಟ ಇರುವ ಮಾಸ್ಕ್ ಬೇಡ. ನೀವು ಬಿಟ್ಟ ಉಸಿರು ಸೋಸದೆ ಪಕ್ಕದವರಿಗೆ ಹೋಗುತ್ತದೆ.

ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬಲವಂತ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ.

ಚಳಿಗಾಲದ ಬೆಳಗಿನ ಬಸ್ಸಿನಲ್ಲಿ ನಮ್ಮವರು ಕಿಟಕಿಗಳನ್ನೆಲ್ಲ ಎಳೆದು ಮುಚ್ಚುತ್ತಾರೆ. ದಯವಿಟ್ಟು ನಿಮ್ಮ ಪಕ್ಕದ್ದನ್ನು ನಾಲ್ಕು ಬೆರಳಷ್ಟಾದರೂ ತೆರೆದಿಡಿ. ಟವೆಲನ್ನು ಆಗ ಕಿವಿಗೆ ಸುತ್ತಿಕೊಳ್ಳಿ, ಚಳಿಗೆ ಅದು ಒಳ್ಳೆಯದು. ಚೀಲದಲ್ಲಿ ಎರಡು ಮಾಸ್ಕ್ ಇರಲಿ, ಒಂದು ಒದ್ದೆಯಾದರೆ ಬದಲಿಸಬಹುದು. ಮೂರನೆಯದೊಂದು ಇದ್ದರೆ ಕಂಡಕ್ಟರಿಗೆ ಕೊಡಿ. ಬಸ್ಸಿನಲ್ಲಿ ಪ್ರತಿಯೊಬ್ಬರ ಹತ್ತಿರವೂ ಹೋಗಿ ನಿಲ್ಲುವವರು ಅವರೊಬ್ಬರೇ.