ಆರದ ಎಣ್ಣೆ, ಹೆಪ್ಪುಗಟ್ಟುವ ಎಣ್ಣೆ

ಕಳೆದ ವಾರ ಧಾರವಾಡದ ನಮ್ಮ ವರ್ಕ್‌ಶಾಪಿಗೆ ಹಿರಿಯರೊಬ್ಬರು ಅಜ್ಜನ ಕಾಲದ ತೇಗದ ಆರಾಮಕುರ್ಚಿಯನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಯಾರದೋ ಮಾತು ಕೇಳಿ ಅದಕ್ಕೆ ಅಗಸೆ ಎಣ್ಣೆಯನ್ನು ಧಾರಾಳವಾಗಿ ಬಳಿದಿದ್ದರು. "ಎಣ್ಣಿ ಹಚ್ಚಿ ಹದಿನೈದ ದಿನಾ ಆತ್ರೀ, ಇನ್ನೂ ಆರವಲ್ದು ನೋಡ್ರೀ" ಅಂದರು. ಕುರ್ಚಿಯ ಕೈ ಮುಟ್ಟಿ ನೋಡಿದೆ. ಬೆಲ್ಲದ ಪಾಕದ ಹಾಗೆ ಅಂಟು. ಪೇಪರು ಓದುತ್ತಾ ಕೂತಾಗ ಹಾಳೆಯ ಒಂದು ಮೂಲೆ ಅಲ್ಲೇ ಹತ್ತಿಕೊಂಡುಬಿಟ್ಟಿತ್ತು.

ಮರಕ್ಕೆ ಪಾಲಿಶ್ ಹಾಕುವುದು, ಹಳೆಯ ಪೀಠೋಪಕರಣ ರಿಪೇರಿ ಮಾಡುವುದು ನನ್ನ ಕಸುಬು. ಈ ತಕರಾರು ವರ್ಷಕ್ಕೆ ನಾಲ್ಕೈದು ಬಾರಿಯಾದರೂ ಬರುತ್ತದೆ. ಎಡವಟ್ಟು ಇರುವುದು 'ಆರುವುದು' ಎಂಬ ಮಾತಿನಲ್ಲಿ. ಒಗೆದ ಬಟ್ಟೆ ಆರುವುದೆಂದರೆ ನೀರು ಹಾರಿಹೋಗುವುದು. ಅಗಸೆ ಎಣ್ಣೆ ಗಟ್ಟಿಯಾಗುವುದು ಹಾಗೆ ಏನೋ ಹಾರಿಹೋಗಿ ಅಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಕುಡಿಯುತ್ತದೆ, ಕುಡಿದು ಗಟ್ಟಿಯಾಗುತ್ತದೆ. ಹಾಗಾಗಿ 'ಆರಿದ' ಎಣ್ಣೆಯ ತೂಕ ಮೊದಲಿಗಿಂತ ಹೆಚ್ಚೇ ಇರುತ್ತದೆ. ಹಾಲು ಹೆಪ್ಪುಗಟ್ಟುತ್ತದಲ್ಲ, ನನ್ನ ಮಟ್ಟಿಗೆ ಆ ಮಾತೇ ಇದಕ್ಕೆ ಸರಿ.

ಈ ಗುಣ ಎಲ್ಲ ಎಣ್ಣೆಗೂ ಇಲ್ಲ. ಕೊಬ್ಬರಿ ಎಣ್ಣೆಯನ್ನು ಮರಕ್ಕೆ ಬಳಿದು ವರ್ಷ ಕಾದರೂ ಅದು ಎಣ್ಣೆಯಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಫಾ ಲಿನೋಲೆನಿಕ್ ಆಮ್ಲ, ಅಂದರೆ ಡಾಕ್ಟರು ಒಮೆಗಾ-3 ಅನ್ನುವ ಅದೇ ಪದಾರ್ಥ. ಅದರ ಒಂದೊಂದು ಇಂಗಾಲದ ಸರಪಳಿಯಲ್ಲಿ ಮೂರು ಜೋಡಿಬಂಧಗಳಿವೆ, ಅಂದರೆ ಎರಡು ಪರಮಾಣು ಎರಡೆಳೆಯಲ್ಲಿ ಬೆಸೆದುಕೊಂಡ ಜಾಗಗಳು. ಆಮ್ಲಜನಕ ಅಲ್ಲಿಗೆ ಬಂದು ಕೂಡುತ್ತದೆ, ಸರಪಳಿಗೆ ಸರಪಳಿ ಹೆಣೆದುಕೊಳ್ಳುತ್ತದೆ, ಕಡೆಗೆ ಬಲೆಯಂಥ ಒಂದು ಪದರ ನಿಲ್ಲುತ್ತದೆ. ನಮ್ಮ ಹಿರಿಯರ ಕುರ್ಚಿಯಲ್ಲಿ ಆಗಿದ್ದಿಷ್ಟೇ: ಬಳಿದದ್ದು ದಪ್ಪವಾಯಿತು, ಮೇಲೆ ಕೆನೆ ಕಟ್ಟಿತು, ಕೆಳಗಿನ ಎಣ್ಣೆಗೆ ಗಾಳಿ ಸಿಗದೆ ಹಸಿಯಾಗಿಯೇ ಉಳಿಯಿತು.

ಅವ್ವನಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಅದರ ಫಲ ಚೆನ್ನಾಗಿ ಗೊತ್ತಿತ್ತು. ಶೇಂಗಾ ಹಿಂಡಿ (ಚಟ್ನಿಪುಡಿ) ತಿಂಗಳಿಗಾಗುವಷ್ಟು ಕುಟ್ಟಿಡುತ್ತಿದ್ದವಳು ಅಗಸಿ ಹಿಂಡಿಯನ್ನು ಮಾತ್ರ ಎಂಟು ದಿನಕ್ಕೆ ಬೇಕಾದಷ್ಟೇ ಮಾಡುತ್ತಿದ್ದಳು. ಕಾಳು ಇಡಿಯಾಗಿದ್ದರೆ ಬಹಳ ದಿನ ಕೆಡುವುದಿಲ್ಲ, ಪುಡಿ ಮಾಡಿದರೆ ಬೇಗ ಕಮಟು ವಾಸನೆ ಬರುತ್ತದೆ. ಅಡುಗೆಮನೆಯ ಆ ಕಮಟಿನ ಬೇರು, ನನ್ನ ಮೇಜಿನ ಮೇಲಿನ ಮಿಂಚಿನ ಬೇರು ಎರಡೂ ಒಂದೇ. (ಮೈಸೂರು ಕಡೆಯವರು 'ಅಗಸೆ ಸೊಪ್ಪು' ಅನ್ನುವುದು ಬೇರೆ, ಅದು ಮರ. ನಾನು ಹೇಳುತ್ತಿರುವುದು ಹಿಂಗಾರಿಯಲ್ಲಿ ಎರೆಹೊಲದಲ್ಲಿ ನೀಲಿ ಹೂ ಬಿಡುವ ಸಣ್ಣ ಗಿಡ. ಸಂಸ್ಕೃತದ ಅತಸಿ ಇದೇ. ಅಮರಕೋಶ ಇದಕ್ಕೆ ಉಮಾ, ಕ್ಷುಮಾ ಎಂಬ ಹೆಸರುಗಳನ್ನೂ ಕೊಡುತ್ತದೆ. ಕ್ಷೌಮ ಅಂದರೆ ಮೂಲದಲ್ಲಿ ಇದರ ನಾರಿನ ಬಟ್ಟೆ.)

ಯುರೋಪಿನವರು ಈ ಹೆಪ್ಪುಗಟ್ಟುವ ಗುಣವನ್ನು ಬಳಸಿಕೊಂಡ ಬಗೆ ನೋಡಿದರೆ ಅಚ್ಚರಿಯಾಗುತ್ತದೆ. ತೈಲವರ್ಣವನ್ನು ಕಂಡುಹಿಡಿದವನು 15ನೇ ಶತಮಾನದ ಫ್ಲಾಂಡರ್ಸಿನ (ಈಗಿನ ಬೆಲ್ಜಿಯಂ ಕಡೆಯ) ಚಿತ್ರಕಾರ ಯಾನ್ ವಾನ್ ಐಕ್ ಎಂಬ ಕಥೆ ಬಹಳ ಕಾಲ ನಡೆಯಿತು. ಆದರೆ ಅವನಿಗಿಂತ 300 ವರ್ಷ ಹಿಂದೆ, 12ನೇ ಶತಮಾನದಲ್ಲೇ, ಥಿಯೋಫಿಲಸ್ ಎಂಬ ಸನ್ಯಾಸಿ ಅಗಸೆ ಎಣ್ಣೆಯಲ್ಲಿ ಬಣ್ಣ ಅರೆಯುವ ವಿಧಾನ ಬರೆದಿಟ್ಟಿದ್ದಾನೆ. ಜೊತೆಗೆ ಒಂದು ಗೊಣಗಾಟವೂ ಇದೆ: ಒಂದು ಬಣ್ಣ ಆರುವ ತನಕ ಇನ್ನೊಂದು ಹಚ್ಚುವಂತಿಲ್ಲ, ಕಾದು ಕಾದು ಬೇಸರವಾಗುತ್ತದೆ ಅಂತ. ಅದನ್ನು ಓದಿದಾಗ ಈತ ನಮ್ಮ ಕಸುಬಿನವನೇ ಅನ್ನಿಸಿತು.

ಆ ಬೇಸರಕ್ಕೆ ಮದ್ದಾಗಿ ಎಣ್ಣೆಗೆ ಹೆಪ್ಪು ಹಾಕುವುದನ್ನು ಕಲಿತರು. ಸೀಸದ ಆಕ್ಸೈಡ್ ಸೇರಿಸಿ ಕಾಯಿಸಿದರೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ. ಇವತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ 'ಡಬಲ್ ಬಾಯ್ಲ್ಡ್' ಎಂದು ಸಿಗುವ ಡಬ್ಬಿ ಆ ಪದ್ಧತಿಯ ಮೊಮ್ಮಗು. ಈಗ ಸಾಮಾನ್ಯವಾಗಿ ಕೋಬಾಲ್ಟ್, ಮ್ಯಾಂಗನೀಸ್ ಲವಣಗಳನ್ನು ಹಾಕುತ್ತಾರೆ. ಹೆಸರಲ್ಲಿ 'ಕುದಿಸಿದ' ಅಂತ ಇದೆ ಎಂದು ಅಡುಗೆಗೆ ಬಳಸೀರಿ, ಜೋಕೆ.

ಕುದಿಸಿ ಮಂದ ಮಾಡಿದ ಎಣ್ಣೆಗೆ ದೀಪದ ಕಾಡಿಗೆ ಬೆರೆಸಿದರೆ ಅಚ್ಚಿನ ಶಾಯಿ. ನೀರಿನ ಶಾಯಿ ಲೋಹದ ಅಚ್ಚುಮೊಳೆಯ ಮೇಲೆ ನಿಲ್ಲದೆ ಜಾರುತ್ತದೆ, ಇದು ನಿಲ್ಲುತ್ತದೆ. ಯುರೋಪಿನಲ್ಲಿ ಮುದ್ರಣ ಶುರುವಾದ ಕಾಲದ ಕಾಗದವಾದರೂ ಎಲ್ಲಿಂದ ಬಂತು? ಹರಿದ ಲಿನನ್ ಬಟ್ಟೆಯ, ಅಂದರೆ ಅಗಸೆ ನಾರಿನ ಬಟ್ಟೆಯ, ಚಿಂದಿ ಕೊಳೆಸಿ, ಜಜ್ಜಿ ಮಾಡಿದ್ದು. ಅಗಸೆಯ ದಂಟು ಕಾಗದವಾಯಿತು, ಬೀಜ ಮಸಿಯಾಯಿತು. ಚಿತ್ರಕಾರನ ಕ್ಯಾನ್ವಾಸೂ ಲಿನನ್ನೇ.

1850ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಬಣ್ಣದ ಡಬ್ಬಿಯ ಮೇಲೆ ಕಟ್ಟಿದ್ದ ರಬ್ಬರಿನಂಥ ಕೆನೆ ಕಂಡನಂತೆ. ನಾವೆಲ್ಲ ಬೈದುಕೊಂಡು ಕಿತ್ತೆಸೆಯುವ ಕೆನೆ ಅದು. ಅವನು ಅದಕ್ಕೆ ರಾಳ, ಕಾರ್ಕಿನ ಪುಡಿ ಕಲಸಿ ಗೋಣಿಬಟ್ಟೆಯ ಮೇಲೆ ಒತ್ತಿ ನೆಲಹಾಸು ಮಾಡಿದ. 1863ರಲ್ಲಿ ಪೇಟೆಂಟ್ ಸಿಕ್ಕಿತು. ಲ್ಯಾಟಿನ್ನಿನಲ್ಲಿ ಲೀನಮ್ ಅಂದರೆ ಅಗಸೆ, ಓಲಿಯಮ್ ಅಂದರೆ ಎಣ್ಣೆ, ಸೇರಿಸಿದರೆ ಲಿನೋಲಿಯಂ. ಆ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿಗೆ ಅಗಸೆ ಬೀಜ ದೊಡ್ಡ ಪ್ರಮಾಣದಲ್ಲಿ ಹಡಗೇರಿ ಹೋಗುತ್ತಿದ್ದದ್ದು ಭಾರತದಿಂದ. ನಮ್ಮಲ್ಲಿ ಅಗಸೆ ಬೀಜದ ಬೆಳೆ, ಗಿಡ ಗಿಡ್ಡ, ಕವಲು ಜಾಸ್ತಿ. ನಾರಿಗೆ ಬೆಳೆಯುವವರಿಗೆ ಕವಲಿಲ್ಲದ ಎತ್ತರದ ಗಿಡ ಬೇಕು.

ನಾರಿನ ವಿಷಯ ನನ್ನದಲ್ಲ, ಚುಟುಕಾಗಿ ಹೇಳುತ್ತೇನೆ. ಗಿಡವನ್ನು ಕೊಯ್ಯದೆ ಬೇರುಸಮೇತ ಕೀಳುತ್ತಾರೆ, ಇಲ್ಲದಿದ್ದರೆ ನಾರು ಉದ್ದ ಸಿಗುವುದಿಲ್ಲ. ಆಮೇಲೆ ನಮ್ಮಲ್ಲಿ ಪುಂಡಿ ಕಟ್ಟಿಗೆ ನೆನೆಹಾಕುವಂತೆಯೇ ನೀರಿನಲ್ಲಿ, ಇಲ್ಲವೇ ಹೊಲದ ಇಬ್ಬನಿಯಲ್ಲಿ ಕೊಳೆಹಾಕಿ, ಬಡಿದು, ಬಾಚಿ ನೂಲುವುದು. ಈಜಿಪ್ಟಿನ ತರ್ಖಾನ್ ಎಂಬಲ್ಲಿ ಸಿಕ್ಕ ಲಿನನ್ ಅಂಗಿಯೊಂದು ಲಂಡನ್ನಿನ ಪೆಟ್ರಿ ಮ್ಯೂಸಿಯಮ್ಮಿನಲ್ಲಿದೆ. 5,000 ವರ್ಷಕ್ಕೂ ಹಳೆಯದು. ಅದರ ಮೊಣಕೈ, ಕಂಕುಳ ಬಳಿ ಯಾರೋ ತೊಟ್ಟು ಓಡಾಡಿದ ಸುಕ್ಕುಗಳು ಇನ್ನೂ ಇವೆ.

ಇನ್ನೊಂದು ಮಾತು ಹೇಳದೆ ಬಿಡುವಂತಿಲ್ಲ. ಕಸುಬಿಗಿಳಿದ ಹೊಸದರಲ್ಲಿ ಒಂದು ಸಂಜೆ ಮೇಜಿಗೆ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಕಟ್ಟಿ ಬುಟ್ಟಿಗೆ ಎಸೆದೆ. ಬಾಗಿಲು ಹಾಕುವ ಹೊತ್ತಿಗೆ ಕಮರು ವಾಸನೆ. ಬುಟ್ಟಿಗೆ ಕೈ ಹಾಕಿದರೆ ಚುರ್ ಅಂತು. ಮುದ್ದೆ ಬಿಡಿಸಿದೆ, ಒಳಗಿನ ಬಟ್ಟೆ ಕರ್ರಗಾಗಿ ಹೊಗೆಯಾಡುತ್ತಿತ್ತು. ಬೀಡಿ ಇಲ್ಲ, ಬೆಂಕಿಕಡ್ಡಿ ಇಲ್ಲ. ಎಣ್ಣೆ ಆಮ್ಲಜನಕ ಕುಡಿಯುವಾಗ ಕಾವು ಹುಟ್ಟುತ್ತದೆ. ಮೇಜಿನ ಮೇಲೆ ಆ ಕಾವು ಗಾಳಿಗೆ ಹೋಗುತ್ತದೆ, ಮುದ್ದೆಯೊಳಗೆ ಹೋಗಲು ದಾರಿಯಿಲ್ಲದೆ ಕೂಡುತ್ತಲೇ ಹೋಗುತ್ತದೆ. ಅಂದಿನಿಂದ ನಮ್ಮಲ್ಲಿ ಎಣ್ಣೆ ಅರಿವೆ ಒಂದೋ ಹೊರಗಿನ ತಂತಿಯ ಮೇಲೆ ಬಿಡಿಸಿ ಹಾಕಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹೋಗಬೇಕು. ಕ್ರಿಕೆಟ್ ಬ್ಯಾಟಿಗೆ ಎಣ್ಣೆ ಉಜ್ಜುವ ಹುಡುಗರಿಗೂ ಇದನ್ನೇ ಹೇಳುತ್ತೇನೆ.

ಕುರ್ಚಿಯ ಅಂಟನ್ನು ಟರ್ಪೆಂಟೈನಿನಲ್ಲಿ ಒದ್ದೆ ಮಾಡಿದ ಒರಟು ಬಟ್ಟೆಯಿಂದ ತಿಕ್ಕಿ ತೆಗೆದೆ. ಎರಡು ತಾಸು ಹಿಡಿಯಿತು. ಆಮೇಲೆ ಅಂಗೈಯಲ್ಲಿ ಹಿಡಿಸುವಷ್ಟೇ ಎಣ್ಣೆ ತೆಗೆದುಕೊಂಡು ಉಜ್ಜಿದೆ, ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿದೆ. ಮರ ಒಣಗಿದಂತೆಯೇ ಕಾಣುತ್ತಿತ್ತು. "ಇಷ್ಟ ಸಾಕೇನ್ರೀ?" ಅಂತ ಹಿರಿಯರಿಗೆ ಅನುಮಾನ. ಮೂರು ದಿನ ಬಿಟ್ಟು ಮತ್ತೊಂದು ಕೈ ಕೊಡಬೇಕು. ಮುಂದಿನ ಸೋಮವಾರ ಬಂದು ಒಯ್ಯಲು ಹೇಳಿದ್ದೇನೆ.