ಕ್ರೈಸ್ತ–ಮುಸ್ಲಿಂ ಸಂಬಂಧ: ಬೆರೆಸಿ ಓದಬಾರದ ಮೂರು ಪ್ರಶ್ನೆಗಳು

ಈ ವಿಷಯದಲ್ಲಿ ಓದುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ದೇವರ ಬಗ್ಗೆ ಈ ಎರಡು ಧರ್ಮಗಳು ಏನು ಹೇಳುತ್ತವೆ? ಕಾನೂನು ಯಾರಿಗೆ ಎಷ್ಟು ಸ್ವಾತಂತ್ರ್ಯ ಕೊಡುತ್ತದೆ? ಅಕ್ಕಪಕ್ಕದ ಮನೆಯವರು ನಿತ್ಯ ಹೇಗೆ ಬಾಳುತ್ತಾರೆ? ಮೂರೂ ಬೇರೆ ಬೇರೆ ಪ್ರಶ್ನೆಗಳು. ಒಂದನ್ನು ಕೇಳಿದರೆ ಇನ್ನೊಂದರ ಉತ್ತರ ಬರೆಯುವುದು ಪರೀಕ್ಷೆಯಲ್ಲಿ ಮಾತ್ರವಲ್ಲ, ಊರಿನ ಸೌಹಾರ್ದ ಸಭೆಗಳಲ್ಲೂ ನಡೆಯುತ್ತದೆ. ‘ಎಲ್ಲ ಧರ್ಮಗಳೂ ಹೇಳುವುದು ಒಂದೇ’ ಎಂದು ಶುರುವಾಗುವ ಉತ್ತರವನ್ನು ಉಸ್ತಾದರೂ ಒಪ್ಪುವುದಿಲ್ಲ, ಫಾದರೂ ಒಪ್ಪುವುದಿಲ್ಲ. ಅಲ್ಲಿಗೆ ಮಾತು ನಿಂತಂತೆ.

ಮೊದಲು ಕೊಡಗು

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಮುಸ್ಲಿಮರು ಸುಮಾರು ಆರರಲ್ಲಿ ಒಬ್ಬರು, ಕ್ರೈಸ್ತರು ನೂರಕ್ಕೆ ಮೂವರ ಆಸುಪಾಸು. ಅಂದರೆ ಇಲ್ಲಿ ಇಬ್ಬರೂ ಅಲ್ಪಸಂಖ್ಯಾತರು. ಪಠ್ಯಪುಸ್ತಕದ ಶಿಲುಬೆ ಯುದ್ಧದ ಚೌಕಟ್ಟನ್ನು (1095ರಿಂದ 1291) ತಂದು ವಿರಾಜಪೇಟೆಯ ಮೇಲೆ ಕೂರಿಸಿದರೆ ಕೂರುವುದಿಲ್ಲ.

ಇಬ್ಬರ ನೆನಪಿನಲ್ಲೂ ಇರುವ ಗಂಟು ಟಿಪ್ಪು ಕಾಲದ್ದು. 1784ರಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅದರ ಬೆನ್ನಿಗೇ ಕೊಡವರೂ ಸೆರೆಯಾದರು. ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಆರಂಭವನ್ನು 1792ಕ್ಕೆ ಲೆಕ್ಕ ಹಾಕುವುದು ಹೀಗೆ. ಅದೇ ತಾಲ್ಲೂಕಿನಲ್ಲಿ, ಅದೇ ಕಾಲದ ಮತಾಂತರವನ್ನು ತಮ್ಮ ಮೂಲವಾಗಿ ಹೇಳುವ ಜಮ್ಮ ಮಾಪಿಳ್ಳೆಗಳಿದ್ದಾರೆ. ನಂಬಿಕೆ ಇಸ್ಲಾಂ, ಒಕ್ಕದ (ಮನೆತನದ) ಹೆಸರು ಕೊಡವರದ್ದೇ. ಸೆರೆಯಾದವರು ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಉತ್ತರದಲ್ಲಿ ಒಂದೇ ಅಂಕಿಯನ್ನು ಖಚಿತವೆಂಬಂತೆ ಬರೆಯಬೇಡಿ. ‘ಧರ್ಮದಲ್ಲಿ ಬಲವಂತವಿಲ್ಲ’ ಎಂಬ ಕುರ್‌ಆನ್ ವಚನ (2:256) ಒಂದು, ಯುದ್ಧಕಾಲದ ಅರಸನೊಬ್ಬನ ನಡೆ ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದು ನಡೆದೇ ಇಲ್ಲ ಎನ್ನುವುದೂ ತಪ್ಪು, ಎರಡನೆಯದನ್ನು ತೋರಿಸಿ ಮೊದಲನೆಯದು ಸುಳ್ಳು ಎನ್ನುವುದೂ ತಪ್ಪು.

ಕೊಡಗಿನ ಕ್ರೈಸ್ತರೆಲ್ಲ ಆ ನಿರಾಶ್ರಿತರ ವಂಶದವರೂ ಅಲ್ಲ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ (1843ರಲ್ಲಿ ‘ಮಂಗಳೂರ ಸಮಾಚಾರ’ ತಂದವರು) ಇಲ್ಲಿ ಕೆಲಸ ಮಾಡಿದರು. ಆಮೇಲೆ ತೋಟದ ಕೆಲಸಕ್ಕೆ ಬಂದ ತಮಿಳು, ಮಲಯಾಳ ಮಾತಾಡುವ ಕುಟುಂಬಗಳು ಸೇರಿದವು. ಮುಸ್ಲಿಮರಲ್ಲೂ ಮಲಯಾಳ ಮನೆಮಾತಿನವರು, ಉರ್ದುವಿನವರು, ಜಮ್ಮ ಮಾಪಿಳ್ಳೆಗಳು ಬೇರೆ ಬೇರೆ. ‘ಕ್ರೈಸ್ತರು ಹೀಗೆ, ಮುಸ್ಲಿಮರು ಹಾಗೆ’ ಎಂಬ ವಾಕ್ಯ ಬರೆಯುವ ಮುನ್ನ ಯಾವ ಕ್ರೈಸ್ತರು, ಯಾವ ಮುಸ್ಲಿಮರು ಎಂದು ಕೇಳಿಕೊಳ್ಳಿ.

ನಂಬಿಕೆಯ ಪ್ರಶ್ನೆ: ಎಲ್ಲಿ ಸೇರುತ್ತದೆ, ಎಲ್ಲಿ ಬೇರಾಗುತ್ತದೆ

ಸೇರುವ ಜಾಗ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಈಸಾ ನಬಿಯನ್ನು (ಯೇಸುವನ್ನು) ಕುರ್‌ಆನ್ ಮಸೀಹ ಎಂದು ಕರೆಯುತ್ತದೆ, ಕನ್ಯೆಯ ಮಗನೆಂದು ಒಪ್ಪುತ್ತದೆ, ಅವರ ಪವಾಡಗಳನ್ನು ಹೇಳುತ್ತದೆ. 19ನೇ ಸೂರಾದ ಹೆಸರೇ ಮರ್ಯಮ್. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವ ಏಕೈಕ ಮಹಿಳೆ ಆಕೆ.

ಬೇರಾಗುವುದು ಮೂರು ಕಡೆ, ಮೂರೂ ತಿರುಳಿನ ವಿಷಯ. ಯೇಸು ದೇವರ ಮಗನಲ್ಲ, ತ್ರಿತ್ವವಿಲ್ಲ (4:171). ಅವರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಹಾಗೆ ತೋರುವಂತೆ ಮಾಡಲಾಯಿತು (4:157). ಮುಹಮ್ಮದರೇ ಕೊನೆಯ ಪ್ರವಾದಿ (33:40). ಕ್ರೈಸ್ತ ನಂಬಿಕೆಗೆ ಶಿಲುಬೆ, ಪುನರುತ್ಥಾನ ಇಲ್ಲದೆ ಕಂಬವೇ ಇಲ್ಲ. ಇದನ್ನು ಸಣ್ಣ ಭಿನ್ನಾಭಿಪ್ರಾಯ ಎಂದು ತೇಲಿಸಬಾರದು.

ಹೀಗಿದ್ದೂ ಸಂವಾದಕ್ಕೆ ಮೊದಲಿನಿಂದ ಉದಾಹರಣೆಗಳಿವೆ. ಮಕ್ಕಾದಲ್ಲಿ ಕಿರುಕುಳ ಹೆಚ್ಚಿದಾಗ ಮುಸ್ಲಿಮರ ಮೊದಲ ತಂಡ ಆಶ್ರಯ ಪಡೆದದ್ದು ಅಬಿಸೀನಿಯಾದ ಕ್ರೈಸ್ತ ದೊರೆಯ ಬಳಿ. 1219ರಲ್ಲಿ, ಐದನೇ ಶಿಲುಬೆ ಯುದ್ಧ ನಡೆಯುತ್ತಿರುವಾಗಲೇ, ಅಸಿಸಿಯ ಫ್ರಾನ್ಸಿಸ್ ಈಜಿಪ್ಟಿನಲ್ಲಿ ಸುಲ್ತಾನ್ ಅಲ್ ಕಾಮಿಲ್‌ನನ್ನು ಕಂಡರು. ಇಬ್ಬರಲ್ಲಿ ಯಾರೂ ಮತ ಬದಲಿಸಲಿಲ್ಲ, ಯುದ್ಧವೂ ನಿಲ್ಲಲಿಲ್ಲ. ಆದರೂ ಫ್ರಾನ್ಸಿಸ್ ಜೀವಂತ ವಾಪಸಾದರು.

ಆಧುನಿಕ ದಾಖಲೆಗಳಲ್ಲಿ ನಾಲ್ಕನ್ನು ದಿನಾಂಕ ಸಮೇತ ನೆನಪಿಡಿ. ಇತರ ಧರ್ಮಗಳ ಬಗ್ಗೆ ವ್ಯಾಟಿಕನ್ ಹೊರಡಿಸಿದ ಘೋಷಣೆ ‘ನೋಸ್ತ್ರಾ ಎತಾತೆ’ 1965ರ ಅಕ್ಟೋಬರ್ 28ರದ್ದು. ಅದರ ಮೂರನೇ ಭಾಗ ಮುಸ್ಲಿಮರ ಬಗ್ಗೆ ಗೌರವದಿಂದ ಮಾತಾಡುತ್ತದೆ, ಹಿಂದಿನ ಜಗಳ ಮರೆತು ಪರಸ್ಪರ ಅರಿಯಲು ಹೇಳುತ್ತದೆ. ಆದರೆ ಮುಹಮ್ಮದರ ಹೆಸರಾಗಲಿ ಕುರ್‌ಆನಿನ ಹೆಸರಾಗಲಿ ಅದರಲ್ಲಿಲ್ಲ. ಇದನ್ನು ಗಮನಿಸಿದ ವಿದ್ಯಾರ್ಥಿ ಕಡಿಮೆ. ಎರಡನೆಯದು 2007ರ ಅಕ್ಟೋಬರ್ 13ರಂದು 138 ಮುಸ್ಲಿಂ ವಿದ್ವಾಂಸರು ಕ್ರೈಸ್ತ ನಾಯಕರಿಗೆ ಬರೆದ ‘ನಮಗೂ ನಿಮಗೂ ಸಮಾನವಾದ ಮಾತು’ ಎಂಬ ಬಹಿರಂಗ ಪತ್ರ. ಹಿಂದಿನ ವರ್ಷ ರೇಗನ್ಸ್‌ಬರ್ಗ್‌ನಲ್ಲಿ ಪೋಪ್ 16ನೇ ಬೆನೆಡಿಕ್ಟ್ ಇಸ್ಲಾಂ ಕುರಿತ ಟೀಕೆಯೊಂದನ್ನು ಉಲ್ಲೇಖಿಸಿ ಮಾಡಿದ ಭಾಷಣದಿಂದ ಎದ್ದ ಕೋಪ ಇದರ ಹಿನ್ನೆಲೆ. ಪತ್ರದ ತಳಪಾಯ ದೇವರ ಮೇಲಿನ ಪ್ರೀತಿ ಮತ್ತು ನೆರೆಯವರ ಮೇಲಿನ ಪ್ರೀತಿ. ಆಧಾರ ಕುರ್‌ಆನ್ 3:64 ಮತ್ತು ಮಾರ್ಕ 12:29–31. ಮೂರನೆಯದು 2016ರ ಜನವರಿಯ ಮರಾಕೆಶ್ ಘೋಷಣೆ: ಮುಸ್ಲಿಂ ಬಹುಸಂಖ್ಯಾತ ದೇಶಗಳಲ್ಲಿ ಅಲ್ಪಸಂಖ್ಯಾತರ ಹಕ್ಕಿಗೆ ಮದೀನಾ ಸನ್ನದನ್ನೇ (ಮದೀನಾದ ಬೇರೆ ಬೇರೆ ಸಮುದಾಯಗಳೊಂದಿಗೆ ಪ್ರವಾದಿ ಮುಹಮ್ಮದರು ಮಾಡಿಕೊಂಡ ಒಪ್ಪಂದ) ಆಧಾರವಾಗಿ ಹಿಡಿದದ್ದು. ನಾಲ್ಕನೆಯದು 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಕೈರೋದ ಇಸ್ಲಾಮಿಕ್ ವಿದ್ಯಾಪೀಠ ಅಲ್ ಅಜ್ಹರ್‌ನ ಪ್ರಧಾನ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಸಹಿ ಹಾಕಿದ ಮಾನವ ಭ್ರಾತೃತ್ವದ ದಾಖಲೆ. ಧರ್ಮಗಳ ವೈವಿಧ್ಯವೂ ದೇವರ ಇಚ್ಛೆಯೇ ಎಂಬ ಅದರ ಸಾಲಿಗೆ ಕ್ಯಾಥೊಲಿಕರೊಳಗೇ ತಕರಾರು ಎದ್ದಿತು. ಶಾಂತಿಪತ್ರಕ್ಕೆ ವಿರೋಧ ಬರುವುದು ಎದುರು ಪಾಳಯದಿಂದಲೇ ಅಂತಿಲ್ಲ.

ಸ್ವಾತಂತ್ರ್ಯದ ಪ್ರಶ್ನೆ

ಮುಸ್ಲಿಂ ಆಳ್ವಿಕೆಯಲ್ಲಿ ರಕ್ಷಣೆ ಪಡೆದ ಮುಸ್ಲಿಮೇತರರಿಗೆ ಬಳಸುವ ‘ಧಿಮ್ಮಿ’ ಪದವನ್ನು ಎರಡು ರೀತಿ ಕೆಡಿಸುತ್ತಾರೆ: ಸಮಾನತೆ ಎಂದು ಕೆಲವರು, ಬರೀ ಹಿಂಸೆ ಎಂದು ಕೆಲವರು. ಅದು ಎರಡೂ ಅಲ್ಲ. ಜಿಝಿಯಾ (ತಲೆಗಂದಾಯ) ಕಟ್ಟಿದ ಕ್ರೈಸ್ತ, ಯಹೂದಿಗಳಿಗೆ ಜೀವ, ಆಸ್ತಿ, ಆರಾಧನೆಯ ರಕ್ಷಣೆ ಇತ್ತು. ಸ್ಥಾನ ಮಾತ್ರ ಕೆಳಗಿನದು. ತಕ್ಕಡಿಯ ಇನ್ನೊಂದು ತಟ್ಟೆಗೆ ಸ್ಪೇನ್ ಇಡಿ: ಬಲವಂತವಾಗಿ ಕ್ರೈಸ್ತರಾಗಿಸಿದ ಮೊರಿಸ್ಕೊಗಳನ್ನೂ (ಮುಸ್ಲಿಂ ಮೂಲದವರು) 1609ರಿಂದ ದೇಶದಿಂದಲೇ ಹೊರಹಾಕಲಾಯಿತು. ಸಮಾನ ನಾಗರಿಕತ್ವ ಎಂಬುದು ಎರಡೂ ಕಡೆಗೂ ತಡವಾಗಿ ಬಂದದ್ದು. ಕ್ಯಾಥೊಲಿಕ್ ಸಭೆ ಧಾರ್ಮಿಕ ಸ್ವಾತಂತ್ರ್ಯವನ್ನು ಪ್ರತಿಯೊಬ್ಬರ ಹಕ್ಕೆಂದು ಅಧಿಕೃತವಾಗಿ ಸಾರಿದ್ದೇ 1965ರ ಡಿಸೆಂಬರ್ 7ರಂದು.

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ (1948ರ ಡಿಸೆಂಬರ್ 10) 18ನೇ ವಿಧಿಯಲ್ಲಿ ಧರ್ಮವನ್ನು ‘ಬದಲಾಯಿಸುವ’ ಸ್ವಾತಂತ್ರ್ಯ ಎಂದು ಬಿಡಿಸಿ ಹೇಳಿದೆ. ಕರಡಿನಲ್ಲಿ ಲೆಬನಾನಿನ ಕ್ರೈಸ್ತ ಚಿಂತಕ ಚಾರ್ಲ್ಸ್ ಮಲಿಕ್ ಅವರ ಕೈ ದೊಡ್ಡದು. ಸೌದಿ ಅರೇಬಿಯಾ ಮತದಾನದಿಂದ ದೂರ ಉಳಿಯಿತು. ಪಾಕಿಸ್ತಾನದ ಜಫರುಲ್ಲಾ ಖಾನ್ ಆ ವಿಧಿಯ ಪರ ಮಾತಾಡಿದರು. ‘ಮುಸ್ಲಿಂ ದೇಶಗಳೆಲ್ಲ ವಿರೋಧಿಸಿದವು’ ಎಂದು ಬರೆದರೆ ತಪ್ಪಾಗುವುದು ಇದಕ್ಕೇ. 1966ರ ನಾಗರಿಕ ಹಕ್ಕುಗಳ ಒಡಂಬಡಿಕೆಗೆ ಬರುವಷ್ಟರಲ್ಲಿ ‘ಬದಲಾಯಿಸುವ’ ಹೋಗಿ ‘ಹೊಂದುವ ಅಥವಾ ಸ್ವೀಕರಿಸುವ’ ಎಂಬ ಮಾತು ಬಂತು.

ಈಗ ನಮ್ಮ ಸಂವಿಧಾನ. 25ನೇ ವಿಧಿಯ ಮೊದಲ ಪದಗಳೇ ಷರತ್ತು: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಈ ಭಾಗದ ಇತರ ವಿಧಿಗಳಿಗೆ ಒಳಪಟ್ಟು. ಆಮೇಲೆ ಆತ್ಮಸಾಕ್ಷಿಯ ಸ್ವಾತಂತ್ರ್ಯ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು. ಇದು ‘ಎಲ್ಲ ವ್ಯಕ್ತಿಗಳಿಗೆ’, ನಾಗರಿಕರಿಗಷ್ಟೇ ಅಲ್ಲ. 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ. ಅಲ್ಲಿ ‘ಈ ಭಾಗದ ಇತರ ವಿಧಿಗಳಿಗೆ ಒಳಪಟ್ಟು’ ಎಂಬ ಮಾತಿಲ್ಲ. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ಪಾಠ ಮುಗಿಯಿತು. ‘ಪ್ರಚಾರ’ ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಆದರೆ ಒಬ್ಬರು ತಾವಾಗಿಯೇ ನಂಬಿಕೆ ಬದಲಿಸುವುದು ಅವರ ಆತ್ಮಸಾಕ್ಷಿಗೆ ಸೇರಿದ್ದು. ಇವೆರಡನ್ನು ಒಂದೇ ವಾಕ್ಯದಲ್ಲಿ ಕಲಸಬೇಡಿ.

ಕರ್ನಾಟಕದ 2022ರ ಮತಾಂತರ ಕಾಯ್ದೆ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು ಎಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಬೇರೆ, ಉಭಯ ಸದನಗಳಲ್ಲಿ ಮಸೂದೆ ಪಾಸಾಗಿ ಕಾಯ್ದೆ ರದ್ದಾಗುವುದು ಬೇರೆ. ಪತ್ರಿಕೆಯ ತಲೆಬರಹ ನೋಡಿ ‘ರದ್ದಾಯಿತು’ ಎಂದು ಬರೆಯುವವರು ಬಹಳ.

ಪುಸ್ತಕದ ವಿಧಿ ಕಣ್ಣೆದುರು ನಿಲ್ಲಬೇಕಾದರೆ ಕಾನ್ವೆಂಟ್ ಶಾಲೆಯ ಬೆಳಗಿನ ಪ್ರಾರ್ಥನೆ ನೋಡಿ. ಕೊಡಗಿನಲ್ಲಿ ಕ್ರೈಸ್ತ ಸಂಸ್ಥೆ ಮತ್ತು ಮುಸ್ಲಿಂ ಕುಟುಂಬ ದಿನಾ ಎದುರಾಗುವ ಜಾಗ ಅದು. ಶಾಲೆ ಕಟ್ಟಿ ನಡೆಸುವ ಹಕ್ಕು ಕ್ರೈಸ್ತರಿಗೆ 30(1)ರಿಂದ ಬಂದದ್ದು. ಶಾಲೆಗೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇದ್ದರೆ, ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ ಎನ್ನುತ್ತದೆ 28(3). ಮಗು ಅಪ್ರಾಪ್ತ ವಯಸ್ಸಿನದಾದರೆ ಪೋಷಕರ ಒಪ್ಪಿಗೆ ಬೇಕು. ಒಂದು ಹಕ್ಕು ಇನ್ನೊಂದನ್ನು ನುಂಗುವುದಿಲ್ಲ. ಶಾಲೆ ತನ್ನ ಪ್ರಾರ್ಥನೆ ನಡೆಸಬಹುದು, ಮಗು ಹೊರಗುಳಿಯಬಹುದು. ಜಗಳ ಹುಟ್ಟುವುದು ಹೆಚ್ಚಾಗಿ ದಾಖಲಾತಿ ದಿನ ಈ ಮಾತನ್ನು ಯಾರೂ ಎತ್ತದೆ ಇರುವುದರಿಂದ. ಅರ್ಜಿಯಲ್ಲೇ ಒಂದು ಸಾಲು ಬರೆಸಿ ಪೋಷಕರ ಸಹಿ ಪಡೆದರೆ ಜೂನ್‌ನಲ್ಲೇ ತೀರುವ ವಿಷಯ ಡಿಸೆಂಬರಿನ ಕ್ರಿಸ್‌ಮಸ್ ಕಾರ್ಯಕ್ರಮದವರೆಗೆ ಎಳೆಯುವುದಿಲ್ಲ. ಇದರ ಜೊತೆಗೆ 1986ರ ಬಿಜೋ ಇಮ್ಯಾನುವೆಲ್ ತೀರ್ಪು ಓದಿ: ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ನಂಬಿಕೆಯ ಕಾರಣಕ್ಕೆ ಹಾಡದೆ ಇದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದದ್ದು ತಪ್ಪು ಎಂದ ತೀರ್ಪು ಅದು. ತರಗತಿಯಲ್ಲಿ ಹಿಜಾಬ್ ನಿರ್ಬಂಧವನ್ನು ಎತ್ತಿಹಿಡಿದ 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ಮೇಲೆ ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕು ಹಿಡಿದರು.

ಇಬ್ಬರಿಗೂ ಸಮಾನವಾದ ಇನ್ನೊಂದು ದೂರು ಪರಿಶಿಷ್ಟ ಜಾತಿಯ ಸ್ಥಾನದ್ದು. 1950ರ ಆದೇಶ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು. ಪರಿಶಿಷ್ಟ ಪಂಗಡಕ್ಕೆ ಆ ಆದೇಶದ ಧರ್ಮದ ಷರತ್ತು ಇಲ್ಲ. ಹಾಗಾಗಿ ಜೇನುಕುರುಬರ ಹಾಡಿಯ ಉದಾಹರಣೆ ಕೊಟ್ಟು ದಲಿತ ಕ್ರೈಸ್ತರ ಪ್ರಶ್ನೆ ವಿವರಿಸಲು ಹೋದರೆ ಲೆಕ್ಕ ತಪ್ಪುತ್ತದೆ.

ನೆರೆಹೊರೆಯ ಪ್ರಶ್ನೆ

ನೈಜೀರಿಯಾದ ಕಡುನಾ ಇಲ್ಲಿ ಒಳ್ಳೆಯ ಪಾಠ. ಪಾಸ್ಟರ್ ಜೇಮ್ಸ್ ವೂಯೆ 1992ರ ಗಲಭೆಯಲ್ಲಿ ಒಂದು ಕೈ ಕಳೆದುಕೊಂಡರು. ಎದುರು ಗುಂಪಿನಲ್ಲಿದ್ದ ಇಮಾಮ್ ಮುಹಮ್ಮದ್ ಅಶಾಫಾ ತಮ್ಮ ಗುರುವನ್ನೂ ಬಂಧುಗಳನ್ನೂ ಕಳೆದುಕೊಂಡರು. ಅದೇ ಇಬ್ಬರು 1995ರಲ್ಲಿ ಒಟ್ಟಿಗೆ ಸಂಧಾನ ಕೇಂದ್ರ ತೆರೆದರು. 2002ರ ಆಗಸ್ಟ್‌ನಲ್ಲಿ ಎರಡೂ ಕಡೆಯ ಧಾರ್ಮಿಕ ನಾಯಕರು ಕಡುನಾ ಶಾಂತಿ ಘೋಷಣೆಗೆ ಸಹಿ ಹಾಕಿದರು. ಮೂರೇ ತಿಂಗಳಲ್ಲಿ, ವಿಶ್ವಸುಂದರಿ ಸ್ಪರ್ಧೆಯ ಬಗೆಗಿನ ಒಂದು ಪತ್ರಿಕಾ ಬರಹ ನೆಪವಾಗಿ, ಅದೇ ನಗರ ಮತ್ತೆ ಹೊತ್ತಿ ಉರಿಯಿತು. ನಾಯಕರ ಸಹಿ ಬೀದಿಯ ಹುಡುಗರವರೆಗೆ ಇಳಿಯಲು ಬೇರೆಯೇ ಕೆಲಸ ಬೇಕು.

ನಮ್ಮ ಠಾಣೆ, ತಾಲ್ಲೂಕು ಕಚೇರಿಗಳಲ್ಲಿ ಹಬ್ಬದ ಮುಂಚೆ ಕರೆಯುವ ಶಾಂತಿ ಸಭೆಯ ದೌರ್ಬಲ್ಯವೂ ಇದೇ. ಅಧ್ಯಕ್ಷರು, ಕಾರ್ಯದರ್ಶಿಗಳು ಬರುತ್ತಾರೆ; ಮೆರವಣಿಗೆಯಲ್ಲಿ ಧ್ವನಿವರ್ಧಕ ಹಿಡಿಯುವವರು ಬರುವುದಿಲ್ಲ. ಸಭೆಯಿಂದ ಭಾಷಣಕ್ಕಿಂತ ಹೆಚ್ಚಾಗಿ ಬೇಕಾದ್ದು ಒಂದು ಹಾಳೆ: ಯಾವ ರಸ್ತೆ, ಎಷ್ಟು ಗಂಟೆಗೆ ಹೊರಟು ಎಷ್ಟಕ್ಕೆ ಮುಗಿಸುವುದು, ಮಸೀದಿ ಅಥವಾ ಚರ್ಚ್ ಎದುರು ಎಷ್ಟು ಹೊತ್ತು, ಎರಡೂ ಕಡೆಯ ಸ್ವಯಂಸೇವಕರ ಫೋನ್ ನಂಬರ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮದ ನಿರ್ಬಂಧವಿದೆ. ಇದು ಎಲ್ಲ ಧರ್ಮಕ್ಕೂ ಒಂದೇ. ದ್ವೇಷದ ವಾಟ್ಸ್ಆ್ಯಪ್ ಸಂದೇಶಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೇ ಸೆಕ್ಷನ್‌ಗಳು ಅನ್ವಯಿಸುತ್ತವೆ. ಹಳೆಯ 153ಎ, 295ಎ ಎಂದು ಬರೆದರೆ ಹಳೇ ಪುಸ್ತಕ ಓದಿದ್ದೀರಿ ಎಂದು ಗೊತ್ತಾಗುತ್ತದೆ.

ಕಾಲೇಜಿನಲ್ಲಿ ಜಂಟಿ ಓದು ನಡೆಸುವವರಿಗೆ: ಎಂಟರಿಂದ ಹನ್ನೆರಡು ಜನ, ಒಂದೂವರೆ ಗಂಟೆ, ಎರಡೇ ಭಾಗ – ಕುರ್‌ಆನ್ 3:64, ಮಾರ್ಕ 12:29–31. ಪ್ರತಿಯೊಬ್ಬರೂ ತಮ್ಮ ಗ್ರಂಥವನ್ನು ತಾವೇ ವಿವರಿಸಬೇಕು, ಎದುರಿನವರದ್ದನ್ನು ಪ್ರಶ್ನಿಸಬಹುದು, ವಿವರಿಸಬಾರದು. ಈ ಒಂದು ನಿಯಮ ಮುರಿದಾಗಲೇ ಕೂಟ ವಾದಕ್ಕೆ ತಿರುಗುವುದು. ಕ್ಯಾಥೊಲಿಕರು ‘ಶುಭಸಂದೇಶ’ ಎನ್ನುವುದನ್ನೇ ಪ್ರೊಟೆಸ್ಟೆಂಟರು ‘ಸುವಾರ್ತೆ’ ಎನ್ನುತ್ತಾರೆ. ಯಾವ ಅನುವಾದ ಎಂದು ಮೊದಲೇ ಗೊತ್ತುಮಾಡಿ. ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಬೇಡ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಮನೆಗಳಿಂದ ಯಾರೂ ಸಿಗುವುದಿಲ್ಲ. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2026ರಲ್ಲಿ ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ (ಫೆಬ್ರವರಿ 18) ಮತ್ತು ರಂಜಾನ್ ಆರಂಭ ಒಂದೇ ವಾರಕ್ಕೆ ಬಿದ್ದವು. ಉಪವಾಸವೇ ವಿಷಯವಾಗಬಹುದಾದ ಇಂಥ ವರ್ಷ ಮತ್ತೆ ಮತ್ತೆ ಬರುವುದಿಲ್ಲ.

ಇಂಥ ಕೂಟದ ಊಟದ ಕಡೆ ಸ್ವಲ್ಪ ಜಾಸ್ತಿ ಗಮನ ಬೇಕು, ಇದು ಕೊಡಗು. ಪಂದಿಕರಿ (ಹಂದಿಮಾಂಸ) ಬೇಯಿಸಿದ ಪಾತ್ರೆ ಎಷ್ಟೇ ತೊಳೆದರೂ ಹಲವು ಮುಸ್ಲಿಮರಿಗೆ ಆಗುವುದಿಲ್ಲ, ಕೇಳಲು ಸಂಕೋಚಪಟ್ಟು ‘ಹಸಿವಿಲ್ಲ’ ಅಂದುಬಿಡುತ್ತಾರೆ. ಕ್ರಿಸ್‌ಮಸ್ ಕೇಕಿನ ಒಣಹಣ್ಣನ್ನು ರಮ್ಮಿನಲ್ಲಿ ನೆನೆಸಿರುತ್ತಾರೆ. ಮನೆಯಲ್ಲೇ ಮಾಡಿದ ವೈನನ್ನು ‘ಇದು ಹಣ್ಣಿನ ರಸವೇ’ ಎಂದು ಒತ್ತಾಯಿಸುವುದೂ ಉಂಟು. ಕಡಂಬಿಟ್ಟು, ತರಕಾರಿ ಸಾರು, ಮೊಟ್ಟೆ-ಮದ್ಯ ಯಾವುದೂ ಇಲ್ಲದ ಬೇಕರಿ ಕೇಕು, ಕಪ್ಪು ಕಾಫಿ ಸಾಕು. ಪಾತ್ರೆ ಬಾಡಿಗೆಗೆ ತರುವುದಾದರೆ ತರಕಾರಿ ಅಡುಗೆಗಷ್ಟೇ ಬಳಸುವ ಸೆಟ್ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ, ಯಾವುದರಲ್ಲಿ ಏನಿದೆ ಎಂದು ಚೀಟಿ ಅಂಟಿಸಿ.