ಬೆಕ್ಕು ಬೆನ್ನಡಿಯಾಗಿ ಬಿದ್ದರೂ ಕಾಲೂರಿ ನಿಲ್ಲುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಮನೆಯ ಬೆಕ್ಕು ಅಟ್ಟದಿಂದ ಬೆನ್ನಡಿಯಾಗಿ ಜಾರಿದರೂ ನೆಲ ಮುಟ್ಟುವ ಹೊತ್ತಿಗೆ ನಾಲ್ಕು ಕಾಲುಗಳ ಮೇಲೇ ಇರುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲದ ಗಾಳಿಯಲ್ಲಿ ಅದು ಹೊರಳಿಕೊಳ್ಳುವುದು ಹೇಗೆ? ಎಷ್ಟೇ ಎತ್ತರದಿಂದ ಬಿದ್ದರೂ ಬೆಕ್ಕಿಗೆ ಏನೂ ಆಗುವುದಿಲ್ಲ ಎನ್ನುವುದು ನಿಜವೇ?

ಉತ್ತರ: ಇಲ್ಲಿರುವುದು ಎರಡು ಪ್ರಶ್ನೆಗಳು. ಕಾಲೂರಿ ಇಳಿಯುವುದು ಬೇರೆ, ಪೆಟ್ಟಾಗದೆ ಉಳಿಯುವುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದುಕೊಂಡಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ಬೆಕ್ಕಿರುವ ಬಾಲ್ಕನಿ ತೆರೆದೇ ಇರುತ್ತದೆ. ಆದ್ದರಿಂದ ಮೊದಲನೆಯದಕ್ಕೆ ಸಾವಧಾನವಾಗಿ ಉತ್ತರಿಸಿ, ಎರಡನೆಯದಕ್ಕೆ ಬರುತ್ತೇನೆ.

ಜಾರಿದ ಕೂಡಲೇ ಬೆಕ್ಕಿಗೆ ತಿಳಿಯಬೇಕಾದದ್ದು ಮೇಲು ಯಾವುದು, ಕೆಳಗು ಯಾವುದು ಎಂಬುದು. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು, ತಲೆ ಯಾವ ಕಡೆಗೆ ತಿರುಗಿದರೂ ಆ ಚಲನೆಯನ್ನು ಅವು ಮಿದುಳಿಗೆ ತಿಳಿಸುತ್ತವೆ; ಕಣ್ಣೂ ಅದಕ್ಕೆ ನೆರವಾಗುತ್ತದೆ. ಕಣ್ಣು ಕಟ್ಟಿದ ಬೆಕ್ಕು ಒಳಗಿವಿಯ ಬಲದಿಂದ ಹೊರಳಬಲ್ಲದು. ಒಳಗಿವಿ ಕೆಟ್ಟ ಬೆಕ್ಕು ಕಣ್ಣಿನ ಬಲದಿಂದ ಹೊರಳಬಲ್ಲದು. ಎರಡೂ ಇಲ್ಲವಾದರೆ ಮಾತ್ರ ಅದು ದಿಕ್ಕು ತಪ್ಪುತ್ತದೆ. ಹೊರಳುವುದು ತಲೆಯಿಂದ ಮೊದಲಾಗಿ, ಮುಂಗಾಲು ಮತ್ತು ಎದೆಗೆ ಸಾಗಿ, ಕೊನೆಗೆ ಹಿಂಗಾಲುಗಳನ್ನು ತಲುಪುತ್ತದೆ. ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬೀಳಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ ಎಂಬುದನ್ನು ನೆನೆದರೆ, ಈ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಎಂಬುದು ತಿಳಿಯುತ್ತದೆ. ಮರಿಗಳಿಗೆ ಈ ವಿದ್ಯೆ ಹುಟ್ಟುವಾಗಲೇ ಇರುವುದಿಲ್ಲ. ಮೂರು ನಾಲ್ಕು ವಾರಗಳ ಮರಿಯಲ್ಲಿ ಅದು ಕಾಣಿಸಿಕೊಂಡು, ಆರೇಳು ವಾರಗಳಾಗುವ ಹೊತ್ತಿಗೆ ಪೂರ್ತಿ ಪಳಗುತ್ತದೆ.

ದಿಕ್ಕು ತಿಳಿದರೂ ತಿರುಗುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿಗಳನ್ನು ಕಾಡಿದ್ದು ಇದೇ ಪ್ರಶ್ನೆ. ತಿರುಗದೆ ಸುಮ್ಮನೆ ಬೀಳುತ್ತಿರುವ ವಸ್ತುವಿನ ಕೋನೀಯ ಸಂವೇಗ, ಅಂದರೆ ಅದರಲ್ಲಿರುವ ತಿರುಗುವಿಕೆಯ ಒಟ್ಟು ಪ್ರಮಾಣ, ಸೊನ್ನೆಯಾಗಿರುತ್ತದೆ, ಮತ್ತು ಹೊರಗಿನಿಂದ ತಿರುಚುವ ಬಲ ಬೀಳದಿದ್ದರೆ ಅದು ಸೊನ್ನೆಯಾಗಿಯೇ ಉಳಿಯಬೇಕು. ಹಾಗಿದ್ದರೆ ಬೆಕ್ಕು ಬಿಡಿಸಿಕೊಳ್ಳುವಾಗ ಹಿಡಿದವರ ಕೈಯನ್ನು ಒದ್ದು, ಆ ಒದೆತದಿಂದಲೇ ತಿರುಗುತ್ತಿರಬೇಕು ಎಂದು ಹಲವರು ತಿಳಿದಿದ್ದರು. ವಿದ್ಯುತ್ಕಾಂತೀಯ ಸಿದ್ಧಾಂತವನ್ನು ಕೊಟ್ಟ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೂಡ ಕೇಂಬ್ರಿಜ್‌ನಲ್ಲಿದ್ದಾಗ ಬೆಕ್ಕುಗಳನ್ನು ಬೀಳಿಸಿ ಪರೀಕ್ಷಿಸಿದ್ದರು. ಕಿಟಕಿಯಿಂದ ಎಸೆಯುತ್ತಿದ್ದರೆಂಬ ಮಾತು ಅಲ್ಲಿ ಹಬ್ಬಿದ್ದನ್ನು ತಿಳಿದು, ತಾವು ಮೇಜಿನ ಅಥವಾ ಹಾಸಿಗೆಯ ಮೇಲೆ ಸುಮಾರು 2 ಅಂಗುಲ ಎತ್ತರದಿಂದ ಮಾತ್ರ ಬಿಡುತ್ತಿದ್ದುದಾಗಿ 1870ರಲ್ಲಿ ಹೆಂಡತಿಗೆ ಬರೆದ ಪತ್ರದಲ್ಲಿ ಅವರು ವಿವರಿಸಿದ್ದಾರೆ.

ಒಗಟು ಬಿಡಿಸಿದ್ದು ಕ್ಯಾಮೆರಾ. ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ ಮಾರೆ, ನಾಲ್ಕು ಕಾಲುಗಳನ್ನೂ ಹಿಡಿದು ತಲೆಕೆಳಗಾಗಿ ಎತ್ತಿದ ಬೆಕ್ಕನ್ನು ಕೈಬಿಟ್ಟು, ಅದು ಬೀಳುವುದನ್ನು ಸಾಲು ಚಿತ್ರಗಳಲ್ಲಿ ಸೆರೆಹಿಡಿದು, 1894ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಮೊದಲ ಚಿತ್ರಗಳಲ್ಲಿ ಬೆಕ್ಕು ಕಿಂಚಿತ್ತೂ ತಿರುಗುತ್ತಿರಲಿಲ್ಲ. ಕೈಯನ್ನು ಒದ್ದು ತಿರುಗುತ್ತದೆಂಬ ವಿವರಣೆ ಅಲ್ಲಿಗೆ ಬಿದ್ದುಹೋಯಿತು. ಮುಂದಿನ ಚಿತ್ರಗಳಲ್ಲಿ ಕಂಡದ್ದು, ಬೆಕ್ಕಿನ ಮೈಯ ಮುಂದಿನ ಅರ್ಧ ಮತ್ತು ಹಿಂದಿನ ಅರ್ಧ ಬೇರೆ ಬೇರೆಯಾಗಿ ತಿರುಗುತ್ತವೆ ಎಂಬುದು. ಬೆಕ್ಕು ಮೊದಲು ಮುಂಗಾಲುಗಳನ್ನು ಎದೆಗೆ ಅವುಚಿಕೊಂಡು ಹಿಂಗಾಲುಗಳನ್ನು ಚಾಚುತ್ತದೆ. ಮುದುಡಿದ ಮುಂಭಾಗ ತಿರುಗಿಸಲು ಹಗುರ, ಚಾಚಿದ ಹಿಂಭಾಗ ತಿರುಗಿಸಲು ಭಾರ. ಆದ್ದರಿಂದ ಮುಂಭಾಗ ಒಂದು ಕಡೆಗೆ ಬಹಳಷ್ಟು ತಿರುಗಿದಾಗ ಹಿಂಭಾಗ ಎದುರು ದಿಕ್ಕಿಗೆ ಸ್ವಲ್ಪವೇ ತಿರುಗುತ್ತದೆ. ಆಮೇಲೆ ಮುಂಗಾಲುಗಳನ್ನು ಚಾಚಿ, ಹಿಂಗಾಲುಗಳನ್ನು ಮುದುಡಿ, ಹಿಂಭಾಗವನ್ನು ತಿರುಗಿಸಿಕೊಳ್ಳುತ್ತದೆ. ಪ್ರತಿ ಕ್ಷಣದಲ್ಲೂ ಎರಡು ಭಾಗಗಳ ಕೋನೀಯ ಸಂವೇಗವನ್ನು ಕೂಡಿದರೆ ಮೊತ್ತ ಸೊನ್ನೆಯೇ. ನಿಯಮ ಎಲ್ಲೂ ಮುರಿಯುವುದಿಲ್ಲ, ಬೆಕ್ಕು ಮಾತ್ರ ಪೂರ್ತಿ ತಿರುಗಿರುತ್ತದೆ.

ಇದನ್ನು ಓದಿ ನಂಬುವುದಕ್ಕಿಂತ ಮಾಡಿ ನೋಡುವುದು ಒಳ್ಳೆಯದು, ಅದಕ್ಕೆ ಬೆಕ್ಕೂ ಬೇಕಿಲ್ಲ. ಸಲೀಸಾಗಿ ತಿರುಗುವ ಕುರ್ಚಿಯಲ್ಲಿ ಕುಳಿತು, ಕಾಲುಗಳನ್ನು ನೆಲದಿಂದ ಎತ್ತಿ, ಎರಡೂ ಕೈಗಳಲ್ಲಿ ಒಂದೊಂದು ದಪ್ಪ ಪುಸ್ತಕ ಹಿಡಿಯಿರಿ. ಕೈಗಳನ್ನು ಪೂರ್ತಿ ಚಾಚಿ ಎಡಕ್ಕೆ ಬೀಸಿದರೆ ಕುರ್ಚಿ ಬಲಕ್ಕೆ ತಿರುಗುತ್ತದೆ. ಈಗ ಕೈಗಳನ್ನು ಎದೆಗೆ ಎಳೆದುಕೊಂಡು ಮೊದಲಿನ ಜಾಗಕ್ಕೆ ತನ್ನಿ. ಕುರ್ಚಿ ಹಿಂದಕ್ಕೆ ಬರುತ್ತದೆ, ಆದರೆ ಹೋದಷ್ಟು ಬರುವುದಿಲ್ಲ. ನಾಲ್ಕಾರು ಸಲ ಹೀಗೆ ಮಾಡಿದರೆ, ನೆಲವನ್ನಾಗಲಿ ಗೋಡೆಯನ್ನಾಗಲಿ ಮುಟ್ಟದೆಯೇ ನೀವು ಬೇರೆ ದಿಕ್ಕಿಗೆ ಮುಖ ಮಾಡಿರುತ್ತೀರಿ.

ಬೆಕ್ಕಿನ ವಿದ್ಯೆಯಲ್ಲಿ ಇನ್ನೊಂದು ಅಂಶವೂ ಇದೆ, ಅದು ಸೊಂಟದ ಬಾಗು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಥಾಮಸ್ ಕೇನ್ ಮತ್ತು ಎಂ. ಪಿ. ಶೇರ್ 1969ರಲ್ಲಿ ಬೆಕ್ಕನ್ನು ನಡುವೆ ಬಾಗುವ ಎರಡು ಉರುಳೆಗಳ ಜೋಡಣೆಯಾಗಿ ಭಾವಿಸಿ ಗಣಿತ ಮಾಡಿದರು. ಸೊಂಟ ಬಾಗಿಸಿಕೊಂಡು ಎರಡೂ ಉರುಳೆಗಳು ತಮ್ಮ ತಮ್ಮ ಅಕ್ಷದ ಸುತ್ತ ಒಂದೇ ಬಗೆಯಲ್ಲಿ ಹೊರಳಿದರೆ, ಅದನ್ನು ಸರಿದೂಗಿಸಲು ಇಡೀ ಮೈ ಎದುರು ದಿಕ್ಕಿಗೆ ಸುತ್ತಬೇಕಾಗುತ್ತದೆ. ಕಾಲು ಚಾಚುವ, ಮುದುಡುವ ಆಟವಿಲ್ಲದಿದ್ದರೂ ಬೆಕ್ಕು ಮಗುಚಿಕೊಳ್ಳಲು ಇಷ್ಟು ಸಾಕು ಎಂದು ಅವರ ಲೆಕ್ಕ ತೋರಿಸಿತು. ವ್ಯೋಮದಲ್ಲಿ ತೇಲುವ ಗಗನಯಾತ್ರಿ ಏನನ್ನೂ ಹಿಡಿಯದೆ ಹೇಗೆ ತಿರುಗಬಹುದು ಎಂಬ ಅಧ್ಯಯನಕ್ಕೂ ಇದೇ ವಿಚಾರ ಒದಗಿತು. ಬಾಲ ಬೀಸಿ ತಿರುಗುತ್ತದೆ ಎಂದು ಹೇಳುವವರಿದ್ದಾರೆ. ಬಾಲದಿಂದ ಅಲ್ಪಸ್ವಲ್ಪ ನೆರವು ಸಿಗಬಹುದಾದರೂ, ಹುಟ್ಟಿನಿಂದಲೇ ಬಾಲವಿಲ್ಲದ ಮ್ಯಾಂಕ್ಸ್ ತಳಿಯ ಬೆಕ್ಕುಗಳೂ ಹೀಗೆಯೇ ಕಾಲೂರಿ ಇಳಿಯುತ್ತವೆ.

ಈಗ ಎರಡನೆಯ ಪ್ರಶ್ನೆ. ಏನೂ ಆಗುವುದಿಲ್ಲ ಎನ್ನುವುದು ನಿಜವಲ್ಲ. ಮಹಡಿಗಳಿಂದ ಬಿದ್ದ ಬೆಕ್ಕುಗಳಲ್ಲಿ ಕಾಣುವ ಗಾಯಗಳಿಗೆ ಪಶುವೈದ್ಯರು ಹೈ-ರೈಸ್ ಸಿಂಡ್ರೋಮ್ ಎಂಬ ಹೆಸರನ್ನೇ ಕೊಟ್ಟಿದ್ದಾರೆ: ಎದೆಗೆ ಪೆಟ್ಟು, ಶ್ವಾಸಕೋಶದ ಸುತ್ತ ಗಾಳಿ ಸೋರುವುದು, ಕಾಲು ಮುರಿಯುವುದು, ದವಡೆ ಮತ್ತು ಅಂಗುಳು ಸೀಳುವುದು. ಕಾಲುಗಳು ತಡೆಯಲಾರದಷ್ಟು ರಭಸವಿದ್ದಾಗ ಎದೆ ಮತ್ತು ಗದ್ದ ನೆಲಕ್ಕೆ ಅಪ್ಪಳಿಸುತ್ತವೆ.

ತಪ್ಪು ನಂಬಿಕೆಗೆ ಬಲ ಬಂದದ್ದು ನ್ಯೂಯಾರ್ಕಿನ ಒಂದು ವರದಿಯಿಂದ. ಅಲ್ಲಿನ ಪ್ರಾಣಿ ಚಿಕಿತ್ಸಾಲಯವೊಂದಕ್ಕೆ ಬಂದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಚಿಕಿತ್ಸೆ ಪಡೆದವುಗಳಲ್ಲಿ ಶೇಕಡ 90ರಷ್ಟು ಬದುಕಿದವು, ಮತ್ತು ಗಾಯಗಳು ಸುಮಾರು ಏಳನೆಯ ಮಹಡಿಯವರೆಗೆ ಹೆಚ್ಚುತ್ತಾ ಹೋಗಿ ಅದಕ್ಕಿಂತ ಮೇಲೆ ಕಡಿಮೆಯಾದವು. ಗಾಳಿಯ ತಡೆಯಿಂದಾಗಿ, ಬೀಳುವ ಬೆಕ್ಕಿನ ವೇಗ ಗಂಟೆಗೆ ಸುಮಾರು 100 ಕಿಲೋಮೀಟರಿಗೆ ಬಂದು ನಿಲ್ಲುತ್ತದೆ, ಮನುಷ್ಯನಿಗೆ ಅದು ಸರಿಸುಮಾರು ಎರಡರಷ್ಟು. ವೇಗ ಏರುವುದು ನಿಂತ ಮೇಲೆ ಬೆಕ್ಕು ಮೈ ಸಡಿಲಿಸಿ ಕಾಲುಗಳನ್ನು ಹರಡಿಕೊಳ್ಳುವುದರಿಂದ ಪೆಟ್ಟು ಹಂಚಿಹೋಗುತ್ತದೆ ಎಂಬ ವಿವರಣೆಯನ್ನೂ ವರದಿ ಮಾಡಿದವರು ಕೊಟ್ಟರು. ಆದರೆ ಈ ಲೆಕ್ಕದಲ್ಲಿರುವುದು ಆಸ್ಪತ್ರೆಗೆ ಬಂದ ಬೆಕ್ಕುಗಳು ಮಾತ್ರ. ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ವೈದ್ಯರ ಬಳಿಗೆ ಒಯ್ಯುವುದಿಲ್ಲ, ಮತ್ತು ಹೆಚ್ಚು ಎತ್ತರದಿಂದ ಬಿದ್ದವುಗಳಲ್ಲಿ ಅಂಥವು ಹೆಚ್ಚಾಗಿರುವುದು ಸಹಜ. ಕ್ರೊಯೇಷಿಯಾದ ಜಾಗ್ರೆಬ್ ನಗರದಲ್ಲಿ 1998ರಿಂದ 2001ರವರೆಗೆ ಬಂದ 119 ಬೆಕ್ಕುಗಳ ಅಧ್ಯಯನದಲ್ಲಿ ಏಳನೆಯ ಮಹಡಿ ಮತ್ತು ಅದಕ್ಕಿಂತ ಮೇಲಿನಿಂದ ಬಿದ್ದವುಗಳಿಗೇ ಹೆಚ್ಚು ತೀವ್ರವಾದ ಗಾಯಗಳಾಗಿದ್ದವು. ಆ 119ರಲ್ಲಿ ಅರ್ಧಕ್ಕಿಂತ ಹೆಚ್ಚು, ಇನ್ನೂ ಒಂದು ವರ್ಷ ತುಂಬದ ಬೆಕ್ಕುಗಳು. ಎತ್ತರ ಹೆಚ್ಚಿದಷ್ಟೂ ಬೆಕ್ಕು ಸುರಕ್ಷಿತ ಎಂಬ ಮಾತನ್ನು ಹಂಚುವವರು ಈ ಎರಡನೆಯ ಅಧ್ಯಯನವನ್ನೂ ಓದಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳಗಳ ಕಾಟಕ್ಕೆಂದು ಬಾಲ್ಕನಿಗೆ ಕಟ್ಟಿಸುವ ಬಲೆ ಬೆಕ್ಕಿಗೂ ಕಾವಲಾಗುತ್ತದೆ. ಆದರೆ ತೆಳುವಾದ ನೈಲಾನ್ ಎಳೆಗಳನ್ನು ಬೆಕ್ಕು ಹಲ್ಲಿನಿಂದ ಕಡಿಯಬಲ್ಲದಾದ್ದರಿಂದ ಗಟ್ಟಿ ಬಲೆಯನ್ನು ಆರಿಸಿ, ಅಂಚುಗಳನ್ನು ಆಗಾಗ ಪರೀಕ್ಷಿಸಬೇಕು. ಕಿಟಕಿಗೆ ಬರೀ ಗ್ರಿಲ್ ಇದ್ದರೆ ಸಾಲದು. ಬೆಕ್ಕಿನ ಕಾಲರ್ ಬೋನ್ ಬಹಳ ಚಿಕ್ಕದಾಗಿದ್ದು ಬೇರೆ ಎಲುಬಿಗೆ ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ. ಹಾಗಾಗಿ ತಲೆ ತೂರುವ ಸಂದಿಯಲ್ಲಿ ಸಾಮಾನ್ಯವಾಗಿ ಮೈಯೂ ತೂರುತ್ತದೆ.

ಒಂದು ವೇಳೆ ಬೆಕ್ಕು ಬಿದ್ದರೆ, ಎದ್ದು ನಡೆದಾಡಿತೆಂದು ಸುಮ್ಮನಾಗದೆ ಅಂದೇ ಪಶುವೈದ್ಯರಿಗೆ ತೋರಿಸಿ, ಏಕೆಂದರೆ ಎದೆಯೊಳಗಿನ ಪೆಟ್ಟು ಹೊರಗೆ ಕಾಣದೆ ಕೆಲವು ಗಂಟೆಗಳ ನಂತರ ಉಲ್ಬಣಿಸಬಹುದು. ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಒಸಡು ಬಿಳಿಚಿಕೊಂಡಿದ್ದರೆ ಒಂದು ಕ್ಷಣವೂ ತಡಮಾಡಬಾರದು. ಎತ್ತಿಕೊಳ್ಳುವಾಗ ಮೈ ಬಾಗದಂತೆ ದಪ್ಪ ರಟ್ಟು ಅಥವಾ ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ. ನೋವು ನೋಡಲಾರದೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲು ಹೋಗಬೇಡಿ; ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲದಿರುವುದರಿಂದ ಒಂದೇ ಮಾತ್ರೆಯೂ ಅದರ ಪ್ರಾಣ ತೆಗೆಯಬಲ್ಲದು.